ಭವಿಷ್ಯಲೋಕದ ಉಡುಪೂ ನಮ್ಮ ಹುಡುಗಿಯರ ಸೂಜಿಯೂ

ಹೊಲಿಗೆಯ ತರಗತಿಯು ಓದಿನಲ್ಲಿ ಹಿಂದುಳಿದವರ ಆಶ್ರಯಸ್ಥಾನವೆಂಬ ಭಾವನೆಯು ನಮ್ಮ ಅವಳಿನಗರದ ಅನೇಕ ಮನೆಗಳಲ್ಲಿ ಇನ್ನೂ ಬೇರೂರಿರುವುದು. ಮಗಳು ವಿಜ್ಞಾನವನ್ನು ಕಲಿಯಲೆಂದು ಬಯಸುವುದು ಯೋಗ್ಯವೇ ಸರಿ. ಆದರೆ ವಿಜ್ಞಾನಕ್ಕೂ ಸೂಜಿಗೂ ವೈರವಿದೆಯೆಂದು ತಿಳಿಯುವುದು ಯೋಗ್ಯವಲ್ಲ. ದೂರದರ್ಶನದಲ್ಲಿ ಬರುವ ವಿಜ್ಞಾನಕಥೆಗಳ ಉಡುಪುಗಳನ್ನು ವಿಚಾರಿಸಿ ನೋಡಿದರೆ ಈ ಮಾತು ಸ್ಪಷ್ಟವಾಗುವುದು.

ಐತಿಹಾಸಿಕ ನಾಟಕಕ್ಕೆ ಹೊಲಿಯುವವರ ಮುಂದೆ ಹಳೆಯ ಚಿತ್ರಗಳೂ ಶಿಲ್ಪಗಳೂ ಇರುತ್ತವೆ. ಭವಿಷ್ಯಲೋಕಕ್ಕೆ ಹೊಲಿಯುವವರಿಗೆ ಅಂಥ ಆಧಾರವಿಲ್ಲ. ಆ ಲೋಕದಲ್ಲಿ ಸೆಕೆಯೋ ಚಳಿಯೋ, ದುಡಿಯುವವರಾರು, ಆಳುವವರಾರು ಎಂಬುದನ್ನೆಲ್ಲ ಮೊದಲು ಯೋಚಿಸಿ ಅನಂತರವೇ ಕತ್ತರಿಯನ್ನು ಹಿಡಿಯಬೇಕು. 1966ರಲ್ಲಿ ಅಮೇರಿಕೆಯಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’ ಧಾರಾವಾಹಿಗೆ ವಿಲಿಯಂ ವೇರ್ ಥೀಸ್ ಎಂಬವರು ಉಡುಪುಗಳನ್ನು ರಚಿಸಿದರು. ನೌಕೆಯ ಅಧಿಪತಿಗಳಿಗೆ ಹೊನ್ನಿನ ಬಣ್ಣ, ವಿಜ್ಞಾನಿಗಳಿಗೆ ನೀಲಿ, ಯಂತ್ರಕರ್ಮಿಗಳಿಗೂ ರಕ್ಷಕರಿಗೂ ಕೆಂಪು. ಪಾತ್ರವು ಬಾಯಿ ತೆರೆಯುವ ಮೊದಲೇ ಬಟ್ಟೆಯು ಅದರ ಪರಿಚಯವನ್ನು ಹೇಳಿಬಿಡುತ್ತಿತ್ತು.

ಈ ವಿದ್ಯೆಯು ನಮ್ಮಿಂದ ದೂರವಾದುದಲ್ಲ. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಆಕಾಶಯಾತ್ರಿಕರಿಗೆ ಉಡುಪು ರಚಿಸಿ ಆಸ್ಕರ್ ಪಡೆದ ಜಾನ್ ಮೊಲೊ ಅವರೇ ಮುಂದೆ ‘ಗಾಂಧಿ’ ಚಿತ್ರಕ್ಕಾಗಿ ನಮ್ಮ ನೆರೆಯ ಕೊಲ್ಹಾಪುರದಲ್ಲಿ ಹುಟ್ಟಿದ ಭಾನು ಅಥೈಯಾ ಅವರೊಡನೆ 1983ರಲ್ಲಿ ಅದೇ ಗೌರವವನ್ನು ಹಂಚಿಕೊಂಡರು. ಭಾರತೀಯರಿಗೆ ದೊರೆತ ಪ್ರಥಮ ಆಸ್ಕರ್ ಅದು. ಆಕಾಶನೌಕೆಯನ್ನು ಬಲ್ಲ ಕೈಗೆ ಖಾದಿಯೂ ಪರಕೀಯವಾಗಲಿಲ್ಲ. ಕನ್ನಡದಲ್ಲಿ ವೈಶಾಲಿ ಕಾಸರವಳ್ಳಿಯವರು 1997ರ ‘ತಾಯಿ ಸಾಹೇಬ’ ಚಿತ್ರದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಉತ್ತರ ಕರ್ನಾಟಕದ ಬದುಕನ್ನು ತೋರಿಸಿದ ‘ಮೂಡಲ ಮನೆ’ ಧಾರಾವಾಹಿಯನ್ನು ನಿರ್ದೇಶಿಸಿದವರೂ ಅವರೇ.

ನಮ್ಮ ಜಿಲ್ಲೆಯ ಕಸೂತಿಯನ್ನೇ ನೋಡಿರಿ. ಬಟ್ಟೆಯ ಎಳೆಗಳನ್ನು ಎಣಿಸಿ, ಗಂಟು ಹಾಕದೆ, ಗವಂತಿಯ ಹೊಲಿಗೆಯಲ್ಲಿ ಎರಡು ಮಗ್ಗುಲೂ ಒಂದೇ ರೂಪ ತಾಳುವಂತೆ ಹೊಲಿಯುವವಳು ಗಣಿತವನ್ನು ಅರಿಯದವಳೆಂದು ಹೇಳುವ ಧೈರ್ಯ ಯಾರಿಗುಂಟು? ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜವನ್ನು ಅಳತೆ ತಪ್ಪದಂತೆ ಸಿದ್ಧಗೊಳಿಸುವ ಸ್ತ್ರೀಯರಿಗೂ ಈ ಮಾತು ಸಲ್ಲುವುದು. ನಾಳೆ ಕನ್ನಡದಲ್ಲೊಂದು ಆಕಾಶಯಾನದ ಧಾರಾವಾಹಿಯು ರಚಿತವಾದರೆ, ಅದರ ನಾಯಕಿಯು ಹೊರದೇಶದ ಹೊಳೆಯುವ ಕವಚವನ್ನೇ ಅನುಕರಿಸಬೇಕೇಕೆ? ಕಸೂತಿಯ ಗೋಪುರವು ಅಲ್ಲಿ ಹೊಂದದೆಂದು ಕೆಲವರು ಆಕ್ಷೇಪಿಸಬಹುದು. ಆದರೆ ತೌರಿನಿಂದ ದೂರ ಹೋಗುವವಳು ತೌರಿನ ಗುರುತೊಂದನ್ನು ಒಯ್ಯುವುದು ಮನುಷ್ಯಸ್ವಭಾವ. ಚಂದ್ರಲೋಕಕ್ಕೆ ಹೋದರೂ ಆ ಸ್ವಭಾವವು ಮಾರ್ಪಡದು.

ಇದರಿಂದ ಹೊಟ್ಟೆ ತುಂಬುವುದೇ ಎಂದು ತಂದೆತಾಯಿಗಳು ಕೇಳುವುದು ಸಹಜ. ಕಸೂತಿ ಹಾಕುವವಳಿಗೆ ಬಹುಮಟ್ಟಿಗೆ ದೊರೆಯುವುದು ಅಲ್ಪ ಕೂಲಿ; ಸೀರೆಯ ಮೇಲೆ ಅವಳ ಹೆಸರೂ ಇರುವುದಿಲ್ಲ. ಅದಕ್ಕೆ ಪರಿಹಾರವು ಮಗಳ ಕೈಯಿಂದ ಸೂಜಿಯನ್ನು ಕಿತ್ತುಕೊಳ್ಳುವುದಲ್ಲ. ಸೂಜಿಯೊಡನೆ ಚಿತ್ರಕಲೆ, ನೂಲು-ಬಣ್ಣಗಳ ಶಾಸ್ತ್ರ, ಲೆಕ್ಕಪತ್ರಗಳ ತಿಳಿವಳಿಕೆ, ತನ್ನ ಕೆಲಸಕ್ಕೆ ತನ್ನ ಹೆಸರನ್ನು ಬರೆಯುವ ಧೈರ್ಯ ಇವುಗಳನ್ನು ಕೊಡುವುದು. ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರು ಇನ್ನು ಮೇಲೆ ಕಸೂತಿಯ ಸೀರೆಯನ್ನು ಕೊಳ್ಳುವಾಗ, ಬೆಲೆಯನ್ನು ಕೇಳುವ ಮೊದಲು ಅದನ್ನು ಹೊಲಿದವಳ ಹೆಸರನ್ನು ಕೇಳಲಿ.