ಬೆಲ್ಟ್ ಒಂದೇ ಸಾಕೆನ್ನುವವರಿಗೆ

ಕಾರಿನ ಟೈಮಿಂಗ್ ಬೆಲ್ಟ್ ಬದಲಿಸುವ ಕಾಲ ಬಂದಾಗ 'ಬೆಲ್ಟ್ ಒಂದೇ ಹಾಕಿಸಿ, ಉಳಿದದ್ದು ಕೆಟ್ಟಾಗ ನೋಡಿಕೊಂಡರಾಯಿತು' ಎಂದು ಬುದ್ಧಿ ಹೇಳುವ ಮಹನೀಯರು ನಮ್ಮ ಹೊಸಪೇಟೆಯಲ್ಲಿ ಮನೆಗೊಬ್ಬರಿದ್ದಾರೆ. ಅವರಲ್ಲಿ ಹೆಚ್ಚಿನವರು ಆ ಕಾರನ್ನು ದಿನಾ ಓಡಿಸುವವರಲ್ಲ! ಅದಿರಿನ ಲಾರಿಗಳ ನಡುವೆ ಸಂಡೂರಿಗೆ ಕೆಲಸಕ್ಕೆ ಹೋಗಿಬರುವವಳು ನಾನು. ಗಾಡಿ ಕೈಕೊಟ್ಟರೆ ಕೆಂಪು ಧೂಳಿನಲ್ಲಿ ನಿಲ್ಲಬೇಕಾದವಳೂ ನಾನೇ. ಆದರೆ ಗ್ಯಾರೇಜಿನಲ್ಲಿ ಯಾವುದನ್ನು ಬದಲಿಸಬೇಕೆಂಬ ಪ್ರಶ್ನೆ ಬಂದರೆ, "ಸಾಹೇಬ್ರಿಗೆ ಒಂದು ಮಾತು ಕೇಳ್ರಿ ಮೇಡಂ" ಎನ್ನುತ್ತಾರೆ. ಸಾಹೇಬರಿಗೆ ಬಾನೆಟ್ ಎತ್ತುವ ಕೊಂಡಿ ಎಲ್ಲಿದೆ ಎಂಬುದೂ ತಿಳಿಯದು, ಪಾಪ.

ಎಂಜಿನ್ನಿನ ಕ್ರ್ಯಾಂಕನ್ನೂ ಕ್ಯಾಮನ್ನೂ ಒಂದೇ ತಾಳಕ್ಕೆ ತಿರುಗಿಸುವುದು ಈ ಬೆಲ್ಟಿನ ಕೆಲಸ. ತಾಳ ತಪ್ಪಿದರೆ ಎಷ್ಟೋ ಎಂಜಿನ್ನುಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತದೆ. ವಾಲ್ವ್ ಬಾಗುತ್ತದೆ, ಹೆಡ್ಡನ್ನೇ ಬಿಚ್ಚಬೇಕಾಗುತ್ತದೆ. ಬೆಲ್ಟ್ ಹೊಸದಾದ ಮಾತ್ರಕ್ಕೆ ಈ ಭಯ ಹೋಯಿತೇ? ಅದು ಓಡುವುದು ಟೆನ್ಷನರಿನ ಮೇಲೆ, ಐಡ್ಲರಿನ ಮೇಲೆ. ಅವುಗಳ ಬೇರಿಂಗು ಬೆಲ್ಟಿನಷ್ಟೇ ಕಿಲೋಮೀಟರ್ ಓಡಿ ಸವೆದಿರುತ್ತದೆ. ನಮ್ಮ ಡಸ್ಟರ್ ಡೀಸೆಲ್‌ನಲ್ಲಿ ವಾಟರ್ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟು. ಪಂಪು ಸೋರಿದರೆ ಕೂಲೆಂಟ್ ಬೆಲ್ಟಿನ ಮೇಲೆ ಬೀಳುತ್ತದೆ. ಪಂಪಿನ ಬೇರಿಂಗು ಕಚ್ಚಿಕೊಂಡರೆ ನಿನ್ನೆ ಹಾಕಿದ ಬೆಲ್ಟೂ ಉಳಿಯದು. ಪಂಪ್ ಉಳಿಸಿದ ಜಾಣರು ಆರು ತಿಂಗಳಲ್ಲಿ ಮತ್ತೆ ಬಂದು, ಎಂಜಿನ್ ಮೌಂಟ್ ಬಿಚ್ಚಿಸಿ, ಮುಚ್ಚಳ ತೆಗೆಸಿ, ಅದೇ ಕೂಲಿಯನ್ನು ಎರಡನೆಯ ಸಲ ಎಣಿಸುತ್ತಾರೆ. ಇದಕ್ಕೆ ಉಳಿತಾಯವೆಂದು ಹೆಸರು!

ಇದನ್ನು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕೆ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ್ದ ನೀರನ್ನು ಕಣ್ಣೆದುರೇ ಹೊಳೆಗೆ ಬಿಡಬೇಕಾಯಿತು. ಕಂಪ್ಲಿಯಲ್ಲಿ ಭತ್ತ ಹಾಕಿದ್ದ ನಮ್ಮ ಭಾವನವರ ಮನೆಯಲ್ಲಿ ಆ ವಾರ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು. ಆ ಸಾಹಸಕ್ಕೆ ಕೈಮುಗಿಯುತ್ತೇನೆ. ಆದರೆ ಆಮೇಲೆ ತೀರ್ಮಾನವಾದದ್ದೇನು? ಏಳು ದಶಕ ನೀರಿಗೆ ಎದೆಗೊಟ್ಟ 33 ಗೇಟುಗಳನ್ನೂ ಬದಲಿಸಬೇಕೆಂದು. ಆಗ 'ಮುರಿದದ್ದು ಒಂದೇ ತಾನೆ' ಎನ್ನುವ ಧೈರ್ಯ ನಮ್ಮ ಬುದ್ಧಿವಂತರಲ್ಲಿ ಒಬ್ಬರಿಗೂ ಬರಲಿಲ್ಲ. ಮನೆಯ ಹೆಂಗಸು ಓಡಿಸುವ ಗಾಡಿಯ ವಿಷಯಕ್ಕೆ ಮಾತ್ರ ಅದು ಧಾರಾಳವಾಗಿ ಬರುತ್ತದೆ.

ಹಾಗೆಂದು ಗ್ಯಾರೇಜಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಎಂದು ನಾನು ಹೇಳುತ್ತಿಲ್ಲ. ಹಂಪಿಗೆ ನೆಂಟರನ್ನು ಕರೆದೊಯ್ಯುವ ಅವಸರದಲ್ಲಿದ್ದ ನನ್ನ ಗೆಳತಿಗೆ ಒಂದು ಕಡೆ ಬೆಲ್ಟಿನ ಜೊತೆ ಇಂಜೆಕ್ಟರ್ ಕ್ಲೀನಿಂಗನ್ನೂ ಕ್ಲಚ್ಚನ್ನೂ ಪಟ್ಟಿಗೆ ಸೇರಿಸಿದ್ದರು. ಬೆಲ್ಟಿಗೂ ಕ್ಲಚ್ಚಿಗೂ ಏನು ಬೀಗತನ? ಎರಡೇ ಪ್ರಶ್ನೆ ಕೇಳಿ: ಈ ಭಾಗ ಬೆಲ್ಟಿನ ದಾರಿಯಲ್ಲಿದೆಯೇ? ಆಮೇಲೆ ಕೆಟ್ಟರೆ ಇದನ್ನೆಲ್ಲ ಮತ್ತೆ ಬಿಚ್ಚಬೇಕೇ? ಎರಡಕ್ಕೂ ಹೌದೆಂದರೆ ಹಾಕಿಸಿ. ಆಯಿಲ್ ಸೀಲುಗಳ ಸುತ್ತ ಎಣ್ಣೆ ಜಿನುಗಿದ್ದರೆ ಅವನ್ನೂ ಹಾಕಿಸಿ, ಒಣಗಿದ್ದರೆ ಸುಮ್ಮನಿರಿ. ಹೊರಗಿನ ಆಲ್ಟರ್ನೇಟರ್ ಬೆಲ್ಟನ್ನು ಹೇಗೂ ಬಿಚ್ಚಿರುತ್ತಾರೆ, ಬಿರುಕಿದ್ದರೆ ಬಿಡಬೇಡಿ. ಕೆಲವು ಕಾರುಗಳಲ್ಲಿ ಬೆಲ್ಟಿನ ಬದಲು ಚೈನೇ ಇರುತ್ತದೆ, ಇನ್ನು ಕೆಲವದರಲ್ಲಿ ಪಂಪಿಗೆ ಬೇರೆ ಬೆಲ್ಟು. ಗಾಡಿಯ ಜೊತೆ ಬಂದ ಪುಸ್ತಕ ತೆರೆದು ನೋಡಿ. ಅದರಲ್ಲಿ ಕಿಲೋಮೀಟರೂ ಇರುತ್ತದೆ, ವರ್ಷವೂ ಇರುತ್ತದೆ. ಯಾವುದು ಮೊದಲು ಮುಗಿಯುತ್ತದೋ ಅದೇ ಲೆಕ್ಕ. ಓಡದೆ ನಿಂತ ಗಾಡಿಯ ರಬ್ಬರಿಗೂ ವಯಸ್ಸಾಗುತ್ತದೆ.

ಮತ್ತೆ, ಹಳೆಯ ಪಂಪು, ಟೆನ್ಷನರು ಕೇಳಿ ಇಸಕೊಳ್ಳಿ, ನಾಚಿಕೆ ಬೇಡ. ಪಂಪಿನ ತಿರುಗಣೆಯನ್ನು ಅಲ್ಲಾಡಿಸಿ ನೋಡಿ, ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿ. ಗರಗರ ಎಂದರೆ ಮನೆಗೆ ತಂದು ಬುದ್ಧಿ ಹೇಳಿದವರಿಗೂ ಕೇಳಿಸಿ. ಹೊಸ ಸಾಮಾನಿನ ಡಬ್ಬಿಗಳನ್ನು ನಿಮ್ಮೆದುರಿಗೇ ಒಡೆಸಿ, ಬಿಲ್ಲಿನ ಮೇಲೆ ಆ ದಿನದ ತಾರೀಖು, ಕಿಲೋಮೀಟರ್ ಬರೆಸಿಕೊಳ್ಳಿ.