ಲಸಿಕೆ ಮನೆಗೆ ಬರಲಿ, ಅಪ್ಪಣೆ ಕೇಳಿ ಬರಲಿ

ಹೊಸ ಸಾರ್ವಜನಿಕ ಆರೋಗ್ಯ ಕಾಯಿದೆಯ ಮಾತು ಬಂದಾಗಲೆಲ್ಲ ನಮ್ಮ ಸಮಾಜದ ವಾಟ್ಸಾಪ್ ಬಳಗಗಳಲ್ಲಿ ಒಂದು ಸಂದೇಶ ಮತ್ತೆ ಜೀವ ತಳೆಯುತ್ತದೆ: ಇನ್ನು ಮುಂದೆ ಅಧಿಕಾರಿಗಳು ಮನೆಯೊಳಗೆ ನುಗ್ಗಿ ಹಿರಿಯರಿಗೂ ಮಕ್ಕಳಿಗೂ ಬಲವಂತವಾಗಿ ಲಸಿಕೆ ಚುಚ್ಚಲಿದ್ದಾರೆ. ಕೆಲವರು ಇದನ್ನು ಓದಿ ಭಯಪಡುತ್ತಾರೆ, ಕೆಲವರು ನಕ್ಕು ಅಳಿಸಿಬಿಡುತ್ತಾರೆ. ಲೆಕ್ಕ ಪರಿಶೋಧನೆಯ ವೃತ್ತಿಯಲ್ಲಿ ಇಪ್ಪತ್ತು ವರ್ಷ ಕಳೆದಿರುವ ನನಗೆ ಎರಡೂ ಸರಿಯೆನಿಸುವುದಿಲ್ಲ. ಕಾಯಿದೆಯ ವಿಷಯದಲ್ಲಿ ಭಯಕ್ಕೂ ನಗೆಗೂ ಮುನ್ನ ಅದರ ಅಕ್ಷರಗಳನ್ನು ಓದಬೇಕು.

ಈ ಸಂದೇಶ ಪೂರ್ಣ ಸತ್ಯವಲ್ಲ, ಪೂರ್ಣ ಸುಳ್ಳೂ ಅಲ್ಲ. 2017ರ ಫೆಬ್ರವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಸಾಂಕ್ರಾಮಿಕ ರೋಗ, ಜೈವಿಕ ಭಯೋತ್ಪಾದನೆ ಮತ್ತು ವಿಪತ್ತುಗಳ ನಿರ್ವಹಣೆಗಾಗಿ ಒಂದು ಕರಡು ಮಸೂದೆಯನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಟ್ಟಿತ್ತು. ಪರೀಕ್ಷೆ, ಚಿಕಿತ್ಸೆ, ಪ್ರತ್ಯೇಕವಾಸಗಳಿಗೆ ಸಂಬಂಧಿಸಿದ ಅಧಿಕಾರಗಳ ಜೊತೆಗೆ, ಆರೋಗ್ಯಕ್ಕೆ ಅಪಾಯವಿದೆಯೆಂದು ಕಂಡ ಯಾವುದೇ ಆವರಣವನ್ನು ಮುನ್ಸೂಚನೆಯಿಲ್ಲದೆ ಪ್ರವೇಶಿಸಿ ಪರಿಶೀಲಿಸುವ ಅಧಿಕಾರವೂ ಅದರಲ್ಲಿತ್ತು. ಆ ಕರಡು ಕಾಯಿದೆಯಾಗಲಿಲ್ಲ. ಆದರೆ ವಿಷಯ ಮುಗಿದಿಲ್ಲ. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಇಂದಿನ ಕಾಲಕ್ಕೆ ಸಾಲದು, ಅದನ್ನು ತಿದ್ದಬೇಕು ಇಲ್ಲವೆ ಹೊಸದನ್ನು ತರಬೇಕು ಎಂದು ಕಾನೂನು ಆಯೋಗವು 2024ರ ಫೆಬ್ರವರಿಯಲ್ಲಿ ತನ್ನ 286ನೆಯ ವರದಿಯಲ್ಲಿ ಶಿಫಾರಸು ಮಾಡಿದೆ. ಇಂದಲ್ಲ ನಾಳೆ ಹೊಸ ಕರಡು ಬಂದೇ ಬರುತ್ತದೆ.

ಪುಣೆಯಲ್ಲಿ ವಾಸಿಸುವ ನಮಗೆ ಆ 1897ರ ಕಾಯಿದೆ ಬರಿಯ ಕಾಗದವಲ್ಲ. ಅದು ಜಾರಿಗೆ ಬಂದ ತಿಂಗಳಲ್ಲೇ ಪ್ಲೇಗ್ ನಿಯಂತ್ರಣಕ್ಕೆ ರ್‍ಯಾಂಡ್ ಎಂಬ ಅಧಿಕಾರಿ ಇಲ್ಲಿಗೆ ನೇಮಕಗೊಂಡನು. ಸೈನಿಕರು ಮನೆ ಮನೆ ಹೊಕ್ಕು ರೋಗಿಗಳನ್ನು ಹುಡುಕಿದರು; ಅಡುಗೆಮನೆ, ದೇವರ ಕೋಣೆ ಎನ್ನದೆ ಒಳಹೊಕ್ಕರು. ಜನರು ರೋಗಕ್ಕಿಂತ ಹೆಚ್ಚಾಗಿ ಶೋಧಕ್ಕೆ ಹೆದರಿ ರೋಗಿಗಳನ್ನು ಬಚ್ಚಿಟ್ಟರು. ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ್‍ಯಾಂಡನಿಗೆ ಗುಂಡಿಕ್ಕಿದರು. ಅದೇ ಪ್ಲೇಗಿನಲ್ಲಿ, ಅದೇ ಪುಣೆಯಲ್ಲಿ, ಸಾವಿತ್ರಿಬಾಯಿ ಫುಲೆಯವರು ರೋಗಿಗಳ ಶುಶ್ರೂಷೆ ಮಾಡುತ್ತ ತಾವೂ ರೋಗ ತಗುಲಿ ಮಾರ್ಚ್ 10ರಂದು ತೀರಿಕೊಂಡರು. ರೋಗ ಒಂದೇ, ಊರು ಒಂದೇ. ಒಬ್ಬರ ಆಗಮನ ಆಕ್ರಮಣವಾಯಿತು, ಇನ್ನೊಬ್ಬರದು ಆಸರೆಯಾಯಿತು.

ಆದ್ದರಿಂದ ಮನೆಭೇಟಿಯನ್ನೇ ವಿರೋಧಿಸುವವರ ಜೊತೆ ನಾನಿಲ್ಲ. 2021ರಲ್ಲಿ ಹಾಸಿಗೆ ಹಿಡಿದ ಹಿರಿಯರಿಗೆ ಮನೆಯಲ್ಲೇ ಲಸಿಕೆ ಕೊಡಿರೆಂದು ನಾಗರಿಕರು ಮುಂಬಯಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಮನೆ ಮನೆಗೆ ಹೋಗುವುದು ಕಾರ್ಯಸಾಧ್ಯವಲ್ಲವೆಂದು ಅಂದು ಹೇಳಿದ್ದು ಕೇಂದ್ರ ಸರಕಾರವೇ. ಆ ವರ್ಷ ನನ್ನ ತಾಯಿಯವರೂ ಹಾಸಿಗೆ ಹಿಡಿದಿದ್ದರು. ಕೊನೆಗೆ ಒಂದು ಮಧ್ಯಾಹ್ನ ವೈದ್ಯರೊಡನೆ ಒಬ್ಬ ದಾದಿ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಗುರುತಿನ ಚೀಟಿ ತೋರಿಸಿ, ಒಳಗೆ ಬರಬಹುದೇ ಎಂದು ಕೇಳಿದರು. ತಾಯಿಯವರು ಮರಾಠಿಯಲ್ಲಿ ಕೇಳಿದ ಮೊದಲ ಪ್ರಶ್ನೆ, ಇದರಲ್ಲಿ ಪ್ರಾಣಿಯದೇನಾದರೂ ಸೇರಿದೆಯೇ ಎಂಬುದು. ದಾದಿ ನಗಲಿಲ್ಲ. ಕೋವ್ಯಾಕ್ಸಿನ್ ತಯಾರಿಕೆಯಲ್ಲಿ ಜೀವಕೋಶಗಳನ್ನು ಬೆಳೆಸಲು ಕರುವಿನ ಸೀರಂ ಬಳಸುತ್ತಾರೆ, ಆಮೇಲೆ ಅದನ್ನು ತೊಳೆದು ತೆಗೆಯುತ್ತಾರೆ, ಕೊಡುವ ಲಸಿಕೆಯಲ್ಲಿ ಅದು ಇರುವುದಿಲ್ಲ ಎಂದು ಸಚಿವಾಲಯ ಜೂನ್ ತಿಂಗಳಲ್ಲಿ ತಿಳಿಸಿದ್ದ ಸಂಗತಿಯನ್ನು ಇದ್ದಂತೆಯೇ ಹೇಳಿದರು. ತಾಯಿಯವರು ಯೋಚಿಸಿ ಹೇಳುವೆನೆಂದರು. ದಾದಿ ದೂರವಾಣಿ ಸಂಖ್ಯೆ ಬರೆದುಕೊಟ್ಟು ಹೋದರು. ನಾಲ್ಕು ದಿನಗಳ ನಂತರ ಕರೆ ಮಾಡಿದೆವು, ಅವರು ಬಂದರು, ತಾಯಿಯವರು ಲಸಿಕೆ ಪಡೆದರು.

ಆ ನಾಲ್ಕು ದಿನಗಳ ಬೆಲೆಯೇ ಈ ಲೇಖನದ ವಿಷಯ. ಅಂದು ಆ ದಾದಿಯ ಸೌಜನ್ಯದಿಂದ ದೊರೆತದ್ದು ಕಾಯಿದೆಯಿಂದ ಹಕ್ಕಾಗಿ ದೊರೆಯಬೇಕು. ಸೌಜನ್ಯವಿಲ್ಲದ ಅಧಿಕಾರಿಯೂ ಬರಬಹುದಲ್ಲವೆ?

ಭೇಟಿ ಬೇರೆ, ಪ್ರವೇಶ ಬೇರೆ. 2010ರಲ್ಲಿ ಅಮೆರಿಕದಲ್ಲಿ ಬಂದ ಆರೋಗ್ಯ ಕಾಯಿದೆಯಲ್ಲಿಯೂ ಲಸಿಕೆಗಾಗಿ ಮನೆಭೇಟಿಯ ಪ್ರಸ್ತಾಪವಿದೆ. ಆದರೆ ಆ ಕಲಮನ್ನು ಓದಿದರೆ ಕಾಣುವುದು ರಾಜ್ಯಗಳಿಗೆ ಕೊಡುವ ಅನುದಾನ ಮಾತ್ರ. ತಿಳಿವಳಿಕೆ ನೀಡಲು, ಅಗತ್ಯ ಅರಿಯಲು, ಬೇಕಾದವರಿಗೆ ಲಸಿಕೆ ಕೊಡಲು. ಬಾಗಿಲು ಒಡೆಯುವ ಅಧಿಕಾರ ಅಲ್ಲಿಲ್ಲ. ನಮ್ಮ 2017ರ ಕರಡಿನಲ್ಲಿದ್ದದ್ದು ಭೇಟಿಯಲ್ಲ, ಮುನ್ಸೂಚನೆಯಿಲ್ಲದ ಪ್ರವೇಶ.

ನನ್ನ ವೃತ್ತಿಯಿಂದ ಒಂದು ಹೋಲಿಕೆ ಕೊಡುತ್ತೇನೆ. ಆದಾಯ ತೆರಿಗೆ ಕಾಯಿದೆಯಡಿ ಅಧಿಕಾರಿಯೊಬ್ಬ ಕಪ್ಪುಹಣ ಹುಡುಕಲು ಮನೆ ಹೊಗಬೇಕಾದರೆ, ಕೈಯಲ್ಲಿರುವ ಮಾಹಿತಿಯ ಆಧಾರದ ಮೇಲೆ ನಂಬಲು ಕಾರಣವಿದೆಯೆಂದು ಹಿರಿಯ ಅಧಿಕಾರಿ ಲಿಖಿತ ಅಧಿಕಾರಪತ್ರ ನೀಡಿರಬೇಕು. ಆ ಪ್ರದೇಶದ ಇಬ್ಬರು ಗೌರವಸ್ಥರು ಸಾಕ್ಷಿಗಳಾಗಿರಬೇಕು. ಪಂಚನಾಮೆ ಆಗಬೇಕು. ಹೆಂಗಸರ ತಪಾಸಣೆಯನ್ನು ಹೆಂಗಸರೇ, ಮರ್ಯಾದೆ ಕಾಯ್ದು ಮಾಡಬೇಕು. ಕಪಾಟಿನ ನೋಟಿಗೆ ಇಷ್ಟು ರಕ್ಷಣೆ ಇರುವಾಗ, ಹಾಸಿಗೆಯಲ್ಲಿ ಮಲಗಿರುವ ದೇಹಕ್ಕೆ ಅಷ್ಟಾದರೂ ರಕ್ಷಣೆ ಬೇಡವೆ?

ನ್ಯಾಯಾಲಯಗಳ ದಾರಿಯೂ ಇದೇ. ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿದರು. ಅಂದರೆ ಆ ಕರಡು ಹೊರಬಂದ ಆರು ತಿಂಗಳ ನಂತರ. 2022ರ ಮೇ 2ರಂದು ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿತು. ಜೊತೆಗೆ, ಸಮಾಜದ ಆರೋಗ್ಯಕ್ಕಾಗಿ ಸರಕಾರ ಸಮಂಜಸ ನಿರ್ಬಂಧಗಳನ್ನು ವಿಧಿಸಬಹುದು, ಅವು ಪ್ರಮಾಣಬದ್ಧವಾಗಿರಬೇಕು ಎಂದೂ ಹೇಳಿತು. ತೀರ್ಪಿನ ಮೊದಲರ್ಧವನ್ನು ಮಾತ್ರ ಹಂಚುವವರು ಎರಡನೆಯ ಅರ್ಧವನ್ನೂ ಓದಬೇಕು.

ಬಲವಂತವಿಲ್ಲದೆ ಕೆಲಸವಾಗದೆಂಬ ವಾದಕ್ಕೆ ಪೋಲಿಯೊ ಉತ್ತರ ಕೊಟ್ಟಿದೆ. ಸ್ವಯಂಸೇವಕರು ಮನೆಗಳ ಗೋಡೆಯ ಮೇಲೆ ಸೀಮೆಸುಣ್ಣದಿಂದ ಪಿ ಅಥವಾ ಎಕ್ಸ್ ಗುರುತು ಬರೆದುದನ್ನು ನಾವೆಲ್ಲ ಕಂಡಿದ್ದೇವೆ. ಎಕ್ಸ್ ಬಿದ್ದ ಮನೆಗೆ ಮತ್ತೆ ಹೋಗುತ್ತಿದ್ದರು, ಮತ್ತೊಮ್ಮೆ ಹೋಗುತ್ತಿದ್ದರು, ಮನೆಯವರು ನಂಬುವ ಹಿರಿಯರನ್ನು ಕರೆದುಕೊಂಡು ಹೋಗುತ್ತಿದ್ದರು. 2011ರ ಜನವರಿಯ ನಂತರ ದೇಶದಲ್ಲಿ ಆ ರೋಗದ ನೈಸರ್ಗಿಕ (ವೈಲ್ಡ್) ವೈರಸ್ಸಿನಿಂದ ಒಂದು ಮಗುವೂ ಅಂಗವಿಕಲವಾಗಲಿಲ್ಲ. 2014ರಲ್ಲಿ ನಾವು ಪೋಲಿಯೊಮುಕ್ತರೆಂದು ಘೋಷಿತರಾದೆವು.

ಇನ್ನು ನಮ್ಮ ಮನೆಯ ಮಾತು. 2015ರ ಆಗಸ್ಟಿನಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯ ಸಲ್ಲೇಖನವನ್ನು ಅಪರಾಧವೆಂದಾಗ ನಾವು ಊರೂರುಗಳಲ್ಲಿ ಮೌನ ಮೆರವಣಿಗೆ ಹೊರಟೆವು. ದೇಹದ ಬಗೆಗಿನ ಕೊನೆಯ ನಿರ್ಧಾರ ವ್ಯಕ್ತಿಯದೇ ಎಂದು ಅಂದು ವಾದಿಸಿದೆವು. ಆದರೆ 2021ರಲ್ಲಿ ನಮ್ಮದೇ ಹೌಸಿಂಗ್ ಸೊಸೈಟಿಗಳ ಸಮಿತಿಗಳಲ್ಲಿ ಕುಳಿತು, ಪ್ರಮಾಣಪತ್ರವಿಲ್ಲದ ಮನೆಗೆಲಸದವಳನ್ನು ಗೇಟಿನಲ್ಲೇ ತಡೆದೆವು. ನಾನೂ ಅಂಥ ಒಂದು ಠರಾವಿಗೆ ಸಹಿ ಹಾಕಿದವನು. ಅವಳಿಗೆ ಲಸಿಕೆ ದೊರಕಿಸಲು ಅರ್ಧ ದಿನ ರಜೆ ಕೊಡೋಣ, ಆ ದಿನದ ಸಂಬಳ ಕಡಿಯುವುದು ಬೇಡ ಎಂದು ನಮ್ಮಲ್ಲಿ ಒಬ್ಬರೂ ಸೂಚಿಸಲಿಲ್ಲ. ನಮ್ಮ ಬಾಗಿಲಿಗೆ ಮಾತ್ರ ಹಕ್ಕು ಕೇಳುವುದು ಹಕ್ಕಿನ ವಾದವಾಗದು, ಅನುಕೂಲದ ವಾದವಾಗುತ್ತದೆ.

ಹಾಗಾದರೆ ಹೊಸ ಕರಡು ಬಂದಾಗ ನಾವು ಕೇಳಬೇಕಾದುದೇನು?

ಮೊದಲನೆಯದಾಗಿ, ಭೇಟಿ ಮತ್ತು ಪ್ರವೇಶ ಎಂಬ ಎರಡನ್ನೂ ಕಾಯಿದೆ ಪ್ರತ್ಯೇಕವಾಗಿ ವ್ಯಾಖ್ಯಾನಿಸಬೇಕು. ಭೇಟಿಗೆ ಮನೆಯವರ ಅಪ್ಪಣೆ ಸಾಕು. ಪ್ರವೇಶಕ್ಕೆ ಕಾರಣ ಬರೆದ ಲಿಖಿತ ಆದೇಶ, ಹಗಲಿನ ವೇಳೆ, ಸ್ಥಳೀಯ ಸಾಕ್ಷಿಗಳು ಬೇಕು. ತೀರ ತುರ್ತಿನಲ್ಲಿ ಹೊಕ್ಕರೂ ನಂತರ ದಂಡಾಧಿಕಾರಿಯ ಪರಿಶೀಲನೆ ನಡೆಯಬೇಕು. ಎರಡನೆಯದಾಗಿ, ಪ್ರವೇಶದ ಅಧಿಕಾರವನ್ನು ಎಂದಿಗೂ ಲಸಿಕೆ ಚುಚ್ಚುವ ಅಧಿಕಾರವೆಂದು ಓದಬಾರದೆಂದು ಸ್ಪಷ್ಟವಾಗಿ ಬರೆಯಬೇಕು. ಮೂರನೆಯದಾಗಿ, ಮನೆಯವರಿಗೆ ತಿಳಿಯುವ ಭಾಷೆಯಲ್ಲಿ ಲಸಿಕೆಯ ಘಟಕಗಳನ್ನೂ ಅಡ್ಡಪರಿಣಾಮಗಳನ್ನೂ ತಿಳಿಸಿ, ಯೋಚಿಸಲು ಸಮಯ ಕೊಡಬೇಕು. ನಾಲ್ಕನೆಯದಾಗಿ, ನಿರಾಕರಿಸಿದವರಿಗೆ ಪಡಿತರವನ್ನಾಗಲಿ ಚಿಕಿತ್ಸೆಯನ್ನಾಗಲಿ ತಪ್ಪಿಸಬಾರದು. ಐದನೆಯದಾಗಿ, ದುಷ್ಪರಿಣಾಮವಾದವರಿಗೆ ಅಲೆದಾಟವಿಲ್ಲದ ಪರಿಹಾರ ದೊರೆಯಬೇಕು. 2020ರ ತಿದ್ದುಪಡಿಯು ಆರೋಗ್ಯ ಕಾರ್ಯಕರ್ತರ ಮೇಲೆ ಕೈಮಾಡುವವರಿಗೆ ಏಳು ವರ್ಷದವರೆಗೂ ಶಿಕ್ಷೆ ಇಟ್ಟಿದೆ. ಅದು ಸರಿಯಾದದ್ದೇ. ಹೊಸ್ತಿಲ ಹೊರಗೆ ನಿಂತವರಿಗೆ ದೊರೆತ ರಕ್ಷಣೆ ಒಳಗಿರುವವರಿಗೂ ದೊರೆಯಲಿ ಎಂಬುದಷ್ಟೇ ನಮ್ಮ ಕೋರಿಕೆ.

ನಮ್ಮ ಹಿರಿಯರು ನಾಲ್ಕು ದಾನಗಳನ್ನು ಹೇಳಿದ್ದಾರೆ: ಆಹಾರ, ಅಭಯ, ಔಷಧ, ಶಾಸ್ತ್ರ. ಔಷಧವನ್ನೂ ಅಭಯವನ್ನೂ ಅವರು ಒಂದೇ ಪಟ್ಟಿಯಲ್ಲಿಟ್ಟರು. ಭಯ ಹುಟ್ಟಿಸಿ ಕೊಟ್ಟ ಔಷಧಕ್ಕೆ ಜನರು ಏನು ಮಾಡುತ್ತಾರೆಂಬುದನ್ನು ಪುಣೆ 1897ರಲ್ಲೇ ಕಂಡಿದೆ. ಸಂದೇಶಗಳನ್ನು ಮುಂದಕ್ಕೆ ಕಳಿಸುವುದನ್ನು ನಿಲ್ಲಿಸೋಣ. ಮುಂದಿನ ಕರಡು ಅಭಿಪ್ರಾಯಕ್ಕೆ ಬಂದಾಗ ಪ್ರತಿ ಊರಿನ ಸಮಾಜವೂ ಕಲಮು ಕಲಮಾಗಿ ಓದಿ, ಒಂದು ಪುಟದ ಮನವಿಯನ್ನಾದರೂ ಸಚಿವಾಲಯಕ್ಕೆ ಕಳಿಸಲಿ. ಅದನ್ನು ಸಿದ್ಧಪಡಿಸಲು ನನ್ನಂಥ ವೃತ್ತಿಯವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಲೆಕ್ಕಪತ್ರಕ್ಕಷ್ಟೇ ಅಲ್ಲದೆ ಇದಕ್ಕೂ ನಮ್ಮನ್ನು ಕರೆಯಿರಿ.