ಬೆಟ್ಟ ಹತ್ತಿದ ಕೂಲಿ

ಭಾನುವಾರ ಬೆಳಗಿನ ಜಾವ ಮೈಸೂರಿನ ಚಾಮುಂಡಿಬೆಟ್ಟದ ಬುಡದಲ್ಲಿ ನಿಂತರೆ, ವಿದ್ಯಾರ್ಥಿಗಳ ತಂಡಗಳು ಒಂದರ ಹಿಂದೊಂದು ಮೆಟ್ಟಿಲೇರುವುದನ್ನು ಕಾಣಬಹುದು. ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳು. ನಡುವೆ ನಂದಿಯ ಬಳಿ ಒಂದಿಷ್ಟು ವಿಶ್ರಾಂತಿ. ಮೇಲೆ ತಣ್ಣನೆಯ ಗಾಳಿ. ಕೆಲಹೊತ್ತಿನ ತರುವಾಯ ಅದೇ ತಂಡಗಳು ಕೆಳಗಿಳಿದು, ಬೆವರು ಆರುವ ಮುನ್ನವೆ ಊರೊಳಗಿನ ಉಪಾಹಾರಗೃಹಗಳನ್ನು ಹೊಗುತ್ತವೆ. ಮಸಾಲೆದೋಸೆ ಬರುತ್ತದೆ; ಅದರ ಹಿಂದೆಯೆ ಮೈಸೂರುಪಾಕೂ ಬರುತ್ತದೆ. “ಬೆಟ್ಟ ಹತ್ತಿ ಬಂದಿದ್ದೇವೆ, ಇಷ್ಟಾದರೂ ಬೇಡವೆ?” ಎಂಬುದು ಎಲ್ಲರ ಬಾಯಲ್ಲಿಯೂ ಇರುವ ಮಾತು. ನಾವೂ ಆ ಮಾತನ್ನು ಆಡಿದವರೆ. ಇಂದು ಅದನ್ನೇ ಪರೀಕ್ಷೆಗೆ ಒಡ್ಡಬೇಕೆಂದಿದ್ದೇವೆ.

ಮೊದಲು ಲೆಕ್ಕ. 60 ಕಿಲೊಗ್ರಾಂ ತೂಕದ ತರುಣನೊಬ್ಬನು 250 ಮೀಟರು ಎತ್ತರಕ್ಕೆ ಏರಿದನೆಂದು ಇಟ್ಟುಕೊಳ್ಳೋಣ. ಗುರುತ್ವಕ್ಕೆ ಎದುರಾಗಿ ಅವನು ಮಾಡಿದ ಕಾರ್ಯ, ಪ್ರೌಢಶಾಲೆಯ ಸೂತ್ರದಂತೆ, 60 × 9.8 × 250, ಎಂದರೆ 1,47,000 ಜೂಲ್. ಇದನ್ನು ಆಹಾರದ ಮಾನಕ್ಕೆ ತಿರುಗಿಸಿದರೆ ಸುಮಾರು 35 ಕಿಲೊಕ್ಯಾಲರಿಗಳಾಗುತ್ತವೆ. ಒಂದು ಗ್ರಾಂ ತುಪ್ಪದಿಂದ ಶರೀರಕ್ಕೆ ದೊರೆಯುವ ಶಕ್ತಿ ಸುಮಾರು 9 ಕಿಲೊಕ್ಯಾಲರಿ. ಆದುದರಿಂದ ಇಡೀ ಬೆಟ್ಟವನ್ನು ಏರಿದ ಕಾರ್ಯವು 4 ಗ್ರಾಂ ತುಪ್ಪದೊಳಗೆ ಅಡಗಿ ಕುಳಿತಿದೆ. ಒಂದು ಸಣ್ಣ ಚಮಚವೂ ತುಂಬದು!

ಇದರಲ್ಲಿ ಮೋಸವೇನಾದರೂ ಇದೆಯೆ? ಸ್ವಲ್ಪ ಇದೆ. ನಮ್ಮ ಸ್ನಾಯುಗಳು ಪೂರ್ಣ ದಕ್ಷತೆಯ ಯಂತ್ರಗಳಲ್ಲ. ಅವು ವ್ಯಯಮಾಡುವ ಶಕ್ತಿಯಲ್ಲಿ ನಾಲ್ಕನೆಯ ಅಥವಾ ಐದನೆಯ ಒಂದು ಪಾಲು ಮಾತ್ರ ಕಾರ್ಯವಾಗುತ್ತದೆ. ಉಳಿದುದೆಲ್ಲ ಉಷ್ಣವಾಗಿ ಹೊರಬೀಳುತ್ತದೆ. ಬೆವರಿನ ಕಾರಣ ಅದೇ. ಹೀಗಾಗಿ ಏರುವುದಕ್ಕೆ ನಿಜವಾಗಿ ಬೇಕಾದುದು 140ರಿಂದ 175 ಕಿಲೊಕ್ಯಾಲರಿ. ಇಳಿಯುವಾಗ ಈ ವಿಭವಶಕ್ತಿಯು ಮರಳಿ ತುಪ್ಪವಾಗುವುದಿಲ್ಲ; ದೇಹವನ್ನು ತಡೆತಡೆದು ಇಳಿಸುವ ಸ್ನಾಯುಗಳಲ್ಲಿಯೂ ಅಂಗಾಲಿನಡಿಯಲ್ಲಿಯೂ ಉಷ್ಣವಾಗಿ ಕಳೆದುಹೋಗುತ್ತದೆ. ಇಳಿಯುವ ಶ್ರಮವನ್ನೂ ಕೂಡಿಸಿ, ಉದಾರವಾಗಿಯೆ ಒಟ್ಟು 200 ಎಂದು ಬರೆದುಕೊಳ್ಳೋಣ.

ಬೆಟ್ಟ ಹತ್ತಿ ಆಹಾರದ ಲೆಕ್ಕ ನೋಡುವುದು ಹೊಸ ವಿಚಾರವಲ್ಲ. 1865ರಲ್ಲಿ ಜ್ಯೂರಿಕ್ ನಗರದ ಇಬ್ಬರು ವಿದ್ವಾಂಸರು, ಶರೀರಕ್ರಿಯಾಶಾಸ್ತ್ರಜ್ಞ ಫಿಕ್ ಮತ್ತು ರಸಾಯನಶಾಸ್ತ್ರಜ್ಞ ವಿಸ್ಲಿಸೇನಸ್, ಆಲ್ಪ್ಸ್ ಸೀಮೆಯ ಫೌಲ್‌ಹಾರ್ನ್ ಪರ್ವತವನ್ನು ಹತ್ತಿದರು. ಏರಿದ ಎತ್ತರ 1,956 ಮೀಟರು. ಸ್ನಾಯುಬಲಕ್ಕೆ ಸಸಾರಜನಕವೇ, ಎಂದರೆ ಪ್ರೋಟೀನೇ, ಇಂಧನವೆಂದು ಲೀಬಿಗ್ ಮೊದಲಾದ ಹಿರಿಯರು ಆಗ ನಂಬಿದ್ದರು. ಅದನ್ನು ಪರೀಕ್ಷಿಸಲು ಇವರು ಸಸಾರಜನಕವನ್ನು ಪೂರ್ತಿ ವರ್ಜಿಸಿ, ಪಿಷ್ಟವನ್ನು ಕೊಬ್ಬಿನಲ್ಲಿ ಕರಿದ ಬಿಲ್ಲೆಗಳನ್ನೂ ಸಕ್ಕರೆ ಹಾಕಿದ ಚಹವನ್ನೂ ಸೇವಿಸಿದರು. ಆ ಬಿಲ್ಲೆಗಳು ನಮ್ಮ ಬಜ್ಜಿಯ ದಾಯಾದಿಗಳೆನ್ನಬಹುದು. ಬಳಿಕ ಮೂತ್ರದಲ್ಲಿನ ಸಾರಜನಕವನ್ನು ಅಳೆದು, ದೇಹದಲ್ಲಿ ಎಷ್ಟು ಸಸಾರಜನಕ ವ್ಯಯವಾಯಿತೆಂದು ಗುಣಿಸಿದರು. ಪರ್ವತವನ್ನು ಏರಿದ ಕಾರ್ಯಕ್ಕೆ ಅದು ಸಾಲದೆಂದು ತಿಳಿದುಬಂದಿತು. ಪಿಷ್ಟ ಮತ್ತು ಕೊಬ್ಬುಗಳೂ ಸ್ನಾಯುವಿನ ಇಂಧನಗಳೆ ಎಂಬ ತಿಳಿವಳಿಕೆಗೆ ಈ ಪ್ರಯೋಗ ದಾರಿಮಾಡಿತು. 66 ಕಿಲೊಗ್ರಾಂ ತೂಗುತ್ತಿದ್ದ ಫಿಕ್ ಮಾಡಿದ ಕಾರ್ಯವಾದರೂ ಎಷ್ಟು? ಸುಮಾರು 300 ಕಿಲೊಕ್ಯಾಲರಿ ಮಾತ್ರ.

ಮುಂದೆ 1890ರ ದಶಕದಲ್ಲಿ ಅಮೆರಿಕದಲ್ಲಿ ಅಟ್‌ವಾಟರ್, ರೋಸಾ ಎಂಬ ಭೌತಶಾಸ್ತ್ರಜ್ಞನೊಡಗೂಡಿ, ಮನುಷ್ಯನೊಬ್ಬನು ಹಲವು ದಿನ ವಾಸಿಸಬಹುದಾದ ಉಷ್ಣಮಾಪಕ ಕೋಣೆಯೊಂದನ್ನು ಕಟ್ಟಿದನು. ಒಳಹೋದ ಆಹಾರದ ಶಕ್ತಿಗೂ ಹೊರಬಂದ ಉಷ್ಣ ಮತ್ತು ಕಾರ್ಯಗಳಿಗೂ ತಾಳೆಯಾಯಿತು. ಶಕ್ತಿನಿತ್ಯತ್ವದ ನಿಯಮ ಕಲ್ಲಿಗೆ ಹೇಗೋ ಮನುಷ್ಯನಿಗೂ ಹಾಗೆಯೆ. ಈ ನಿಯಮವನ್ನು ಈಗ ನಮ್ಮ ಎಲೆಗೆ ಹಚ್ಚೋಣ. 15 ಗ್ರಾಂ ತುಪ್ಪ, 20 ಗ್ರಾಂ ಸಕ್ಕರೆ, 10 ಗ್ರಾಂ ಕಡಲೆಹಿಟ್ಟು ಸೇರಿ ಆದ ಮೈಸೂರುಪಾಕಿನ ತುಂಡಿನಲ್ಲಿ ಸುಮಾರು 250 ಕಿಲೊಕ್ಯಾಲರಿಗಳುಂಟು. ಬೆಟ್ಟಕ್ಕೆ 200, ಬಾಯಲ್ಲಿ ಕರಗಿದ ಒಂದೇ ತುಂಡಿಗೆ 250. ದೋಸೆಯನ್ನು ಇನ್ನೂ ಎಣಿಸಿಲ್ಲ.

ಇಲ್ಲಿಗೆ ಲೇಖನವನ್ನು ಮುಗಿಸಿದ್ದರೆ ನಾವು ಒಂದು ತಪ್ಪನ್ನು ಎರಡನೆಯ ಸಲ ಮಾಡಿದಂತಾಗುತ್ತಿತ್ತು. ಕೆಲವು ವರ್ಷಗಳ ಹಿಂದೆ ಇದೇ ಲೆಕ್ಕವನ್ನು ತರಗತಿಯಲ್ಲಿ ಕರಿಹಲಗೆಯ ಮೇಲೆ ಮಾಡಿ ತೋರಿಸಿದ್ದೆವು. ವಿದ್ಯಾರ್ಥಿಗಳು ನಕ್ಕರು, ಪಾಠ ರುಚಿಸಿತೆಂದು ನಮಗೂ ಹೆಮ್ಮೆಯಾಯಿತು. ಕೆಲವು ವಾರಗಳ ಮೇಲೆ ವಿದ್ಯಾರ್ಥಿನಿಯೊಬ್ಬಳು ಪ್ರಯೋಗಶಾಲೆಯಲ್ಲಿ ತಲೆಸುತ್ತಿ ಕುಳಿತುಬಿಟ್ಟಳು. ವಿಚಾರಿಸಲಾಗಿ, ಓಡಲು ಹೋಗದ ದಿನ ಅವಳು ಬೆಳಗಿನ ತಿಂಡಿಯನ್ನೇ ಬಿಡುತ್ತಿದ್ದಳೆಂದು ತಿಳಿಯಿತು. “ಈ ದಿನ ನಾನು ಸಂಪಾದಿಸಿಲ್ಲ, ಸರ್” ಎಂದಳು. ನಮ್ಮ ಗುಣಾಕಾರದಲ್ಲಿ ತಪ್ಪಿರಲಿಲ್ಲ. ಆದರೆ ಅದನ್ನು ಅರ್ಧದಲ್ಲಿ ನಿಲ್ಲಿಸಿದ್ದೆವು.

ಉಳಿದರ್ಧ ಹೀಗಿದೆ. 60 ಕಿಲೊಗ್ರಾಂ ತೂಕದ ತರುಣನು ದಿನವಿಡೀ ಸುಮ್ಮನೆ ಮಲಗಿದ್ದರೂ ಅವನ ಶರೀರಕ್ಕೆ ಸುಮಾರು 1,450 ಕಿಲೊಕ್ಯಾಲರಿಗಳು ಬೇಕು. ಇದು 70 ವಾಟ್‌ಗೆ ಸಮ. ಹಳೆಯ ಮಾದರಿಯ ತಂತಿದೀಪವೊಂದು ಹಗಲಿರುಳು ಉರಿದಂತೆ. ಎದೆ ಬಡಿಯಬೇಕು, ಉಸಿರಾಡಬೇಕು, ಮೈ ಬೆಚ್ಚಗಿರಬೇಕು. ಇದರಲ್ಲಿ ಐದನೆಯ ಒಂದು ಪಾಲನ್ನು ಮಿದುಳೊಂದೇ ತೆಗೆದುಕೊಳ್ಳುತ್ತದೆ. ಎಂದರೆ ಯಾವ ಬೆಟ್ಟವನ್ನು ಏರದಿದ್ದರೂ ನಿಮ್ಮ ಮಿದುಳು ಪ್ರತಿದಿನವೂ ಒಂದು ಚಾಮುಂಡಿಬೆಟ್ಟಕ್ಕಿಂತ ಹೆಚ್ಚು ಶಕ್ತಿಯನ್ನು ವ್ಯಯಮಾಡುತ್ತಿದೆ. ಬೆಳೆಯುವ ವಯಸ್ಸಿನವರಿಗೆ ಎಲುಬನ್ನೂ ಮಾಂಸಖಂಡವನ್ನೂ ಕಟ್ಟುವ ಖರ್ಚು ಬೇರೆ. ಆದುದರಿಂದ ತಟ್ಟೆಯಲ್ಲಿನ ಅನ್ನವು ಬಹುಪಾಲು ಬದುಕಿನ ಪಾಲು; ಬೆಟ್ಟದ ಕೂಲಿಯಲ್ಲ. ಅದನ್ನು ಯಾರೂ ಓಡಿ ಸಂಪಾದಿಸಬೇಕಾಗಿಲ್ಲ.

ಹಾಗಾದರೆ ಬೆಟ್ಟ ಹತ್ತಿ ಪ್ರಯೋಜನವೇನು? ಪ್ರಯೋಜನ ಉಂಟು, ಆದರೆ ಅದು ಜಮಾಖರ್ಚಿನ ಪುಸ್ತಕದಲ್ಲಿ ಕಾಣಸಿಗುವಂಥದಲ್ಲ. ದುಡಿಯುವ ಸ್ನಾಯು ರಕ್ತದಲ್ಲಿನ ಗ್ಲೂಕೋಸನ್ನು ಇನ್ಸುಲಿನ್ನಿನ ನೆರವಿಲ್ಲದೆಯೂ ಹೀರಬಲ್ಲುದು. ವ್ಯಾಯಾಮದ ತರುವಾಯ ಹಲವು ಗಂಟೆಗಳವರೆಗೆ ಇನ್ಸುಲಿನ್ನಿಗೆ ಚೆನ್ನಾಗಿ ಓಗೊಡುತ್ತದೆ. ಮಧುಮೇಹ ಮನೆಮನೆಯ ಮಾತಾಗಿರುವ ನಮ್ಮ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ನಿತ್ಯ ಅಭ್ಯಾಸದಿಂದ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳಲು ಕಲಿಯುತ್ತದೆ. ಒಳ್ಳೆಯ ನಿದ್ರೆ ಬರುತ್ತದೆ. ಒಂದು ದೋಸೆಯು ಈ ಲಾಭಗಳನ್ನು ಅಳಿಸಲಾರದು. ಒಂದು ಉಪವಾಸವು ಇವನ್ನು ತಂದುಕೊಡಲಾರದು.

ಬಹುಮಾನದ ರೂಢಿಯನ್ನು ನಾವು ಒಪ್ಪದಿರುವುದು ಈ ಕಾರಣಕ್ಕಾಗಿ. ಅದು ಲೆಕ್ಕದಲ್ಲಿ ಸೋಲುತ್ತದೆ ಎಂಬುದು ಚಿಕ್ಕ ದೋಷ. ವ್ಯಾಯಾಮವನ್ನು ಶಿಕ್ಷೆಯೆಂದೂ ಊಟವನ್ನು ಕೂಲಿಯೆಂದೂ ಮನಸ್ಸಿಗೆ ಕಲಿಸುತ್ತದೆ ಎಂಬುದು ದೊಡ್ಡ ದೋಷ. ಹೀಗೆ ಕಲಿತ ಮನಸ್ಸು ದುಡಿದ ದಿನ ಹಸಿವಿಲ್ಲದೆಯೂ ತಿನ್ನುತ್ತದೆ. ದುಡಿಯದ ದಿನ ಹಸಿದರೂ ಅಳುಕುತ್ತದೆ. ಈಗ ಮಣಿಕಟ್ಟಿನ ಗಡಿಯಾರಗಳೂ ಈ ವ್ಯಾಪಾರಕ್ಕೆ ಗುಮಾಸ್ತರಾಗಿ ಬಂದಿವೆ. ಅವು ತೋರುವುದು ಅಂದಾಜನ್ನು. ಅನೇಕ ವೇಳೆ ಆ ಮೊತ್ತದಲ್ಲಿ, ಸುಮ್ಮನೆ ಕುಳಿತಿದ್ದರೂ ಆಗುತ್ತಿದ್ದ ವೆಚ್ಚವೂ ಸೇರಿರುತ್ತದೆ. ಅದನ್ನು ನಂಬಿ ತಿನ್ನುವುದೂ ತಪ್ಪು, ನಂಬಿ ಹಸಿದಿರುವುದೂ ತಪ್ಪು.

ಹೊಲದಲ್ಲಿ ದಿನವಿಡೀ ದುಡಿದ ರೈತನು ಮುದ್ದೆ ಉಣ್ಣುವಾಗ ಅದನ್ನು ಬಹುಮಾನವೆನ್ನುವುದಿಲ್ಲ. ಹಸಿವಾಗಿದೆ, ಉಣ್ಣುತ್ತಾನೆ. ಈ ಸರಳತೆ ನಮಗೂ ಬರಲಿ. ಬೆಟ್ಟದಿಂದ ಇಳಿದು ಬಂದವರು ನೀರು ಕುಡಿಯಲಿ. ಹಸಿವಿದ್ದರೆ ಹೊಟ್ಟೆತುಂಬ ತಿಂಡಿ ತಿನ್ನಲಿ. ಮೈಸೂರುಪಾಕು ಬೇಕೆನಿಸಿದ ದಿನ ಅದನ್ನೂ ತಿನ್ನಲಿ, ಅದು ರುಚಿಯಾಗಿದೆ ಎಂಬ ಒಂದೇ ಕಾರಣಕ್ಕಾಗಿ. ಹತ್ತದ ದಿನವೂ ಬೆಳಗಿನ ತಿಂಡಿಯನ್ನು ಬಿಡದಿರಲಿ.

ಆ ವಿದ್ಯಾರ್ಥಿನಿಗೆ ಲೆಕ್ಕದ ಉಳಿದರ್ಧವನ್ನು ಆಮೇಲೆ ನಾವು ಮಾಡಿ ತೋರಿಸಿದೆವು. ಅಂದಿನಿಂದ ಕರಿಹಲಗೆಯ ಮೇಲೆ ಬೆಟ್ಟದ ಲೆಕ್ಕ ಬರೆದಾಗಲೆಲ್ಲ, ಅದರ ಕೆಳಗೆ ಮಲಗಿದವನ ಲೆಕ್ಕವನ್ನೂ ಬರೆಯದೆ ತರಗತಿಯಿಂದ ಹೊರಡುವುದಿಲ್ಲ.